ಮೂವತ್ತೊಂದಾದ ಮೇಲೆ ಮೂವತ್ತನಾಲ್ಕು

ಫೆಬ್ರವರಿ 3, 1996. ಶನಿವಾರ. ಸಂಜೆ 6

ಈಗ ಬಂದೆ. ಕಾರು ಮೂರನೆಯ ಸಲಕ್ಕೆ ಸ್ಟಾರ್ಟ್ ಆಯಿತು. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಬೆರಳು ಮರಗಟ್ಟಿವೆ, ಅಕ್ಷರವೆಲ್ಲ ಸೊಟ್ಟ.

ಆಟದಲ್ಲಿ ನನ್ನ ವೈದ್ಯೆ ಓಡಾಳ ಪ್ರಾಣ ಎರಡೇ ಅಂಕ ಉಳಿದಿದೆ. ಎರಡು! ಮಧ್ಯಾಹ್ನ ಆಟಕ್ಕೆ ಕೂತಾಗ ನಲವತ್ತೊಂದಿತ್ತು. ಎಲ್ಲ ಗಸ್‌ನ ಕೃಪೆ. ಬಾಗಿಲು ಕಂಡರೆ ಅವನ ಯೋಧ ಒದೆಯಲೇಬೇಕು. ನಿಲ್ಲು, ಆಚೆ ಏನಿದೆ ಕೇಳೋಣ ಎಂದು ಅವನ ಹೆಂಡತಿ ಕೊರೀನ್ ಬಾಯಿ ತೆರೆಯುವಷ್ಟರಲ್ಲಿ ಒದ್ದಾಗಿತ್ತು. ಆಮೇಲೆ ಯಥಾಪ್ರಕಾರ... ಕಲ್ಲುಹಾವು, ಹೊಗೆ, ಗಸ್ ಅಂಗಾತ. ನನ್ನ ಓಡಾ ಹೋಗಿ ಏಟು ತಿಂದು ಎಬ್ಬಿಸಬೇಕು. ಮತ್ತೆ ಬೀಳುತ್ತಾನೆ, ಮತ್ತೆ ಎಬ್ಬಿಸಬೇಕು. ಕೊರೀನ್‌ಳ ಮಾಂತ್ರಿಕೆಗೂ ಒಂದು ಉಪಚಾರ ಕೊಟ್ಟೆ. ಈಗ ಒಂದೇ ಒಂದು ಉಪಚಾರ ಕೈಯಲ್ಲಿದೆ. ಅದು ನನಗೆ ಉಪಯೋಗವಿಲ್ಲ. ವೈದ್ಯರ ವರ್ಗ ತನ್ನ ಗಾಯವನ್ನು ತಾನು ಮಾಯಿಸಿಕೊಳ್ಳುವಂತಿಲ್ಲ. ಓಡುವಾಗ ಎಲ್ಲರಿಗಿಂತ ಕೊನೆಗೆ ಓಡಬೇಕು. ಊಟ ಎಲ್ಲರದ್ದೂ ಆದಮೇಲೆ. ಮೂರು ನಿಷೇಧ. ಆಟ ನಡೆಸುವ ಡೆಲ್ಬರ್ಟ್ ಹದಿನೇಳು ವರ್ಷದಿಂದ ಹೇಳುತ್ತ ಬಂದದ್ದು. ಕೇಳಿದರೆ ಒಂದೇ ಉತ್ತರ — ಪುಸ್ತಕದಲ್ಲಿದೆ.

ಅಂದುಬಿಟ್ಟೆ ಇವತ್ತು. ಓಡಾ ನನ್ನ ಐದನೆಯ ವೈದ್ಯೆ, ಹನ್ನೊಂದು ವರ್ಷದಿಂದ ಇದ್ದಾಳೆ, ಇವಳೂ ಸತ್ತರೆ ಆರನೆಯವಳನ್ನು ನಾನು ಮಾಡುವುದಿಲ್ಲ, ನನ್ನ ಕುರ್ಚಿ ಖಾಲಿ ಅಂತಲೇ ತಿಳಿಯಿರಿ ಎಂದೆ. ತಮಾಷೆಗೆ ಅಂದದ್ದಲ್ಲ. ಅವರಿಗೂ ಗೊತ್ತಾಯಿತು. ಕೊರೀನ್ ಪೆನ್ಸಿಲ್ ಕೆಳಗಿಟ್ಟಳು. ಗಸ್ ಸಿಟ್ಟಿನಲ್ಲಿ ನಿಯಮದ ಪುಸ್ತಕ ಎತ್ತಿ ಮೇಜಿಗೆ ಕುಕ್ಕಿದ, ಇದೆಂಥ ಹಾಳು ನಿಯಮ ಎಂದ. ಪುಸ್ತಕದ ಬೆನ್ನು ಅಲ್ಲೇ ಕಿತ್ತುಬಂತು.

ಡೆಲ್ಬರ್ಟ್ ಮುಖ ನೋಡಲಾಗಲಿಲ್ಲ. ಹಾಳೆಗಳನ್ನು ಒಟ್ಟುಮಾಡಿ, ತನ್ನ ಅಂಗಡಿಯ ಮೊಳೆ ಕಟ್ಟುವ ಕಂದು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. “ನೀನೇ ಸರಿಮಾಡ್ಬೇಕು ಮಾರ್ಲಿಸ್” ಅಂದ. ಮತ್ಯಾರು ಮಾಡುತ್ತಾರೆ. ಊರ ಲೈಬ್ರರಿಯಲ್ಲಿ ಹರಿದ ಪುಸ್ತಕ ಹೊಲಿಯುವುದೇ ತಾನೆ ನನ್ನ ಕೆಲಸ.


ಫೆಬ್ರವರಿ 5. ಸೋಮವಾರ

ಲೈಬ್ರರಿಗೆ ಹೊಸದಾಗಿ ಬಂದ ಟೆರಿ ನನ್ನ ಮೇಜಿನ ಮೇಲಿನ ಪುಸ್ತಕ ನೋಡಿ ಇದೇನು, ದೆವ್ವದ ಪೂಜೆಯೇ ಎಂದು ಕೇಳಿದಳು. ಪಾಪ, ಎಲ್ಲರೂ ಕೇಳುವುದೇ ಅದು. ಹೇಳಿದೆ — ನಾಲ್ಕು ಜನ ಮೇಜಿನ ಸುತ್ತ ಕೂರುತ್ತೇವೆ. ಮೂವರು ಒಂದೊಂದು ಪಾತ್ರ. ಒಬ್ಬ ರೆಫರಿ. ಅವನು ‘ನೀವೊಂದು ಗುಹೆಯಲ್ಲಿದ್ದೀರಿ’ ಅನ್ನುತ್ತಾನೆ, ನಾವು ಏನು ಮಾಡುತ್ತೇವೆಂದು ಹೇಳುತ್ತೇವೆ, ಆಗುತ್ತೋ ಇಲ್ಲವೋ ದಾಳ ಹೇಳುತ್ತದೆ. ಯೋಧ ಹೊಡೆಯುತ್ತಾನೆ, ಮಾಂತ್ರಿಕ ಮಂತ್ರ ಹಾಕುತ್ತಾನೆ, ವೈದ್ಯ ಎಲ್ಲರನ್ನೂ ಬದುಕಿಸುತ್ತಾನೆ.

ಗೆಲ್ಲೋದು ಯಾರು ಎಂದಳು. ಯಾರೂ ಗೆಲ್ಲುವುದಿಲ್ಲ ಎಂದೆ. ಹಾಗಾದರೆ ವೈದ್ಯ ಆಗಲು ಯಾರಿಗೆ ಆಸೆ ಎಂದು ಕೇಳಿದಳು. ಹುಡುಗಿ ಚುರುಕಾಗಿದ್ದಾಳೆ.

ಯಾರಿಗೂ ಇಲ್ಲ. 1979ರಲ್ಲಿ ಮೊದಲ ದಿನ ನಾನು ತಡವಾಗಿ ಹೋದೆ, ಚಿಕ್ಕಮ್ಮನನ್ನು ಕ್ಲಿನಿಕ್ಕಿಗೆ ಬಿಟ್ಟು ಹೋಗಬೇಕಿತ್ತು. ಹೋಗುವಷ್ಟರಲ್ಲಿ ಉಳಿದದ್ದು ವೈದ್ಯರ ಪಾತ್ರದ ಹಾಳೆ ಒಂದೇ.


ಫೆಬ್ರವರಿ 6. ಮಂಗಳವಾರ. ಊಟದ ಹೊತ್ತು

ಸ್ಯಾಂಡ್‌ವಿಚ್ ಹಾಗೇ ಇದೆ.

ಬೆನ್ನಿನ ಹಳೆ ಅಂಟು ಕೆರೆದು ಹಾಳೆ ಎಣಿಸುತ್ತಿದ್ದೆ. ಹೊಲಿಯುವ ಮೊದಲು ಎಣಿಸುವುದು ಅಭ್ಯಾಸ. ಪುಟ ಮೂವತ್ತೊಂದು. ತಿರುವಿದರೆ ಮೂವತ್ತನಾಲ್ಕು. ಹಾಳೆ ಹರಿದುಹೋಗಿದೆ ಅಂದುಕೊಂಡೆ. ಆಮೇಲೆ ಬೆರಳಿಗೆ ಗೊತ್ತಾಯಿತು — ದಪ್ಪ. ಎರಡು ಹಾಳೆ ಒಂದಕ್ಕೊಂದು ಅಂಟಿವೆ. ಅಂಚಿನಲ್ಲಿ ನೇರಳೆ ಕಲೆ. ದ್ರಾಕ್ಷಿ ಸೋಡ. ಪುಸ್ತಕ ಅಂಚೆಯಲ್ಲಿ ಬಂದ ವಾರವೇ ಯಾರೋ ಚೆಲ್ಲಿರಬೇಕು.

ತೆಳು ಚಾಕು, ಸ್ವಲ್ಪ ಆವಿ. ಇಪ್ಪತ್ತು ನಿಮಿಷ. ಬಿಟ್ಟುಕೊಂಡಿತು.

ಮೂವತ್ತೆರಡನೆಯ ಪುಟದಲ್ಲಿ ವೈದ್ಯರ ವರ್ಗ ಮುಗಿಯುತ್ತದೆ. ಮೂವತ್ತಮೂರರಲ್ಲಿ ಹೊಸ ವರ್ಗ ಶುರು. ವ್ರತಧಾರಿ ಯೋಧ! ಹಾಗೊಂದು ವರ್ಗ ಇದೆ ಎಂದೇ ನಮಗೆ ಇಷ್ಟು ವರ್ಷ ಗೊತ್ತಿಲ್ಲ. ಮೂವತ್ತೊಂದರ ಮುಂದುವರಿಕೆ ಎಂದು ನಾವು ಓದಿಕೊಂಡ, ಮೂವತ್ತನಾಲ್ಕರ ಮೇಲಿರುವ ಮೂರು ನಿಷೇಧ ಆ ವ್ರತಧಾರಿಯದು. ವೈದ್ಯರದ್ದಲ್ಲ. ವೈದ್ಯರಿಗೆ ನಿಷೇಧವೇ ಇಲ್ಲ. ಮೂವತ್ತೆರಡರಲ್ಲಿ ಸ್ಪಷ್ಟವಾಗಿದೆ, ಮೂರು ಸಲ ಓದಿದೆ: ‘ವೈದ್ಯನು ತಾನು ಮುಟ್ಟಿದ ಯಾರನ್ನಾದರೂ ಗುಣಪಡಿಸಬಲ್ಲನು, ತನ್ನನ್ನೂ ಸೇರಿಸಿ.’

ತನ್ನನ್ನೂ ಸೇರಿಸಿ.

ಹದಿನೇಳು ವರ್ಷ ನಾನು ಬೇರೆ ಯಾರದೋ ವ್ರತ ಹಿಡಿದಿದ್ದೇನೆ. ನನ್ನ ಮೊದಲ ವೈದ್ಯೆ ಬ್ರೀಡಾ ಸತ್ತಳು, ತನ್ನ ಕೈಯಲ್ಲೇ ಔಷಧ ಇಟ್ಟುಕೊಂಡು. ಎರಡನೆಯವಳು ಟಿಲ್ಡಾ ಸತ್ತಳು, ಸೇತುವೆ ಮೇಲೆ ಕೊನೆಗೆ ಓಡಿ. ಗಸ್ ಮಾತ್ರ ಪ್ರತಿಸಲ ಮೊದಲು ದಾಟುತ್ತಿದ್ದ. ಸಿಟ್ಟು ಬರುತ್ತಿದೆ. ನಗುವೂ ಬರುತ್ತಿದೆ. ಕೊರೀನ್ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು, ಆ ಪುಸ್ತಕವನ್ನು ನೂರು ಸಲ ತಿರುವಿದ್ದಾಳೆ, ಮೂವತ್ತೊಂದಾದ ಮೇಲೆ ಮೂವತ್ತನಾಲ್ಕು ಬರುತ್ತದೆ ಎಂದು ಅವಳಿಗೂ ಕಾಣಲಿಲ್ಲವಲ್ಲ.


ಫೆಬ್ರವರಿ 7

ಫೋನ್ ಎತ್ತಿ ಇಟ್ಟೆ. ಎರಡು ಸಲ.

ಯಾರು ನಂಬುತ್ತಾರೆ? ಓಡಾ ಸಾಯುವುದರಲ್ಲಿದ್ದಾಳೆ. ಸತ್ತರೆ ಮೇಜು ಬಿಡುತ್ತೇನೆಂದು ನಾನೇ ಹೇಳಿದ್ದೇನೆ. ಪುಸ್ತಕ ನನ್ನ ಕೈಗೆ ಬರುತ್ತದೆ. ನಾಲ್ಕೇ ದಿನಕ್ಕೆ, ಯಾರೂ ಕಾಣದ ಪುಟವೊಂದು ಅದರಿಂದ ಏಳುತ್ತದೆ, ಅದೂ ಓಡಾಳನ್ನು ಉಳಿಸುವ ಪುಟ. ಊರಿನಲ್ಲಿ ಹಾಳೆ ಸೇರಿಸಿ ಗುರುತು ಸಿಗದಂತೆ ಹೊಲಿಯಬಲ್ಲವಳು ಒಬ್ಬಳೇ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನುವುದಿಲ್ಲವೇ ಜನ.

ಹೋಗಲಿ, ನಂಬಿದರು ಅಂತಿಟ್ಟುಕೊಂಡರೂ ಡೆಲ್ಬರ್ಟ್? ಮದುವೆಯಿಲ್ಲ, ಮಕ್ಕಳಿಲ್ಲ. ವಾರವೆಲ್ಲ ತಿರುಪು, ಕೊಳಾಯಿ, ಬಣ್ಣದ ಡಬ್ಬ. ಶನಿವಾರ ಒಂದು ದಿನ ಅವನು ನ್ಯಾಯಾಧೀಶ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯಲ್ಲ. ಸಂದೇಹ ಬಂದರೆ ಆಟ ನಿಲ್ಲಿಸಿ ಪುಸ್ತಕ ತೆಗೆದು ಓದಿಯೇ ಹೇಳುತ್ತಾನೆ. ಒಂದು ದಿನವೂ ಯಾರ ಪರವೂ ವಾಲಿದವನಲ್ಲ. ಅಂಥವನಿಗೆ ಹೋಗಿ, ನೀನು ಹದಿನೇಳು ವರ್ಷ ತಪ್ಪು ಓದಿದೆ ಎನ್ನುವುದೇ?

ಬಿಸಿ ತುಪ್ಪ. ನುಂಗಲೂ ಆಗದು, ಉಗುಳಲೂ ಆಗದು.


ಫೆಬ್ರವರಿ 8

ಅಂಟಿನ ಬಟ್ಟಲು, ಕುಂಚ, ಎರಡು ಪುಟ. ಮತ್ತೆ ಅಂಟಿಸಿಬಿಟ್ಟರೆ ಮುಗಿಯಿತು. ಒಂದು ನಿಮಿಷದ ಕೆಲಸ.

ಆಗಲಿಲ್ಲ. ಇಪ್ಪತ್ತಾರು ವರ್ಷದ ಕಸುಬು, ಒಂದು ಪುಟ ಮುಚ್ಚಿಟ್ಟವಳಲ್ಲ. ಹೊಲಿದೆ. ಹೊಸ ಬೆನ್ನು ಹಾಕಿದೆ. ಮೂವತ್ತೆರಡು, ಮೂವತ್ತಮೂರು ಎರಡೂ ತೆರೆದೇ ಇವೆ. ಬಾಯಿ ಮಾತ್ರ ತೆರೆಯುವುದಿಲ್ಲ. ಕಂಡರೆ ಕಾಣಲಿ. ಓಡಾ ಹೋದರೆ ಹೋಗಲಿ.


ಫೆಬ್ರವರಿ 9. ಶುಕ್ರವಾರ

ಕರಿದ ಮೀನಿನ ಊಟಕ್ಕೆ ಎಲ್ಲರೂ ಸೇರಿದ್ದೆವು. ಪುಸ್ತಕ ಕೊಟ್ಟೆ. ಡೆಲ್ಬರ್ಟ್ ಕೈ ಒರೆಸಿಕೊಂಡು, ಬೆನ್ನು ಸವರಿ, ಹೊಸದರ ಹಾಗಿದೆ ಎಂದ. ತೆರೆಯಲಿಲ್ಲ. ನನ್ನ ತಟ್ಟೆಯ ಆಲೂಗಡ್ಡೆ ಗಸ್ಸೇ ತಿಂದ.


ಫೆಬ್ರವರಿ 10. ಶನಿವಾರ. ಬೆಳಗ್ಗೆ 9

ಡೆಲ್ಬರ್ಟ್ ಫೋನ್. ಜ್ವರವಂತೆ, ಇವತ್ತು ಆಟ ಇಲ್ಲವಂತೆ.

ಅವನ ತಾಯಿ ತೀರಿಕೊಂಡ ವಾರ ಬಿಟ್ಟರೆ ಅವನು ಶನಿವಾರ ತಪ್ಪಿಸಿದ್ದೇ ಇಲ್ಲ. ದನಿಯಲ್ಲಿ ಜ್ವರ ಇರಲಿಲ್ಲ.

ಕಂಡಿದ್ದಾನೆ.


ಫೆಬ್ರವರಿ 15. ಗುರುವಾರ

ಐದು ದಿನ ಏನೂ ಬರೆಯಲಿಲ್ಲ. ಬರೆಯಲು ಇದ್ದರೆ ತಾನೆ. ಅವನ ಅಂಗಡಿಯ ಮುಂದೆ ಎರಡು ಸಲ ಹಾದುಹೋದೆ, ಒಳಗೆ ಹೋಗಲು ಧೈರ್ಯ ಬರಲಿಲ್ಲ. ನಾನೇ ಹಾಳೆ ಸೇರಿಸಿದ್ದೇನೆ ಎಂದುಕೊಂಡಿದ್ದಾನೆ ಎಂಬ ಯೋಚನೆ ಹೊಕ್ಕು ತಲೆ ಚಿಟ್ಟು ಹಿಡಿದಿತ್ತು.

ಇವತ್ತು ಹನ್ನೊಂದಕ್ಕೆ ಅವನೇ ಬಂದ. ಬೂಟಿನ ಹಿಮವನ್ನೂ ಕೊಡವಿರಲಿಲ್ಲ. ಹ್ಯಾಟು ತೆಗೆದು ಕೈಯಲ್ಲಿ ಹಿಡಿದು, ನನ್ನ ಮೇಜಿನ ಮುಂದೆ ನಿಂತ.

“ನೀನು ನೋಡಿದೀಯ.”

“ನೋಡಿದೀನಿ” ಎಂದೆ.

“ಯಾಕೆ ಹೇಳ್ಲಿಲ್ಲ?”

ನಾನೇ ಪುಟ ಸೇರಿಸಿದೆ ಅಂದುಕೊಳ್ಳುತ್ತೀಯ ಅಂತ ಹೆದರಿದೆ ಎಂದೆ. ಅವನು ನನ್ನ ಮುಖವನ್ನೇ ನೋಡಿದ. ನಾನೇನೋ ಬೇರೆ ಭಾಷೆಯಲ್ಲಿ ಮಾತಾಡಿದೆನೋ ಎನ್ನುವಂತೆ. ಆ ಯೋಚನೆ ಅವನಿಗೆ ಬಂದೇ ಇಲ್ಲ. ಒಂದು ಕ್ಷಣವೂ ಬಂದಿಲ್ಲ. ಐದು ದಿನ ನಾನು ಸುಮ್ಮನೆ ಬೆಂದೆ.

ಅವನು ಮಾಡುತ್ತಿದ್ದದ್ದೇ ಬೇರೆ. ಪ್ರತಿ ಶನಿವಾರದ ಆಟ ಬರೆದಿಟ್ಟ ಅವನ ಹತ್ತೊಂಬತ್ತು ನೋಟ್‌ಬುಕ್ಕುಗಳಿವೆ. ಕೂತು ಎಲ್ಲವನ್ನೂ ಮೊದಲಿಂದ ಓದಿದ್ದಾನೆ. ಜೇಬಿನಿಂದ ಚೀಟಿ ತೆಗೆದ. ಬ್ರೀಡಾ ಬದುಕುತ್ತಿದ್ದಳು. ಟಿಲ್ಡಾ ಬದುಕುತ್ತಿದ್ದಳು. ಮೂರನೆಯವಳು ಬಹುಶಃ. ನಾಲ್ಕನೆಯವಳನ್ನು ಯಾವ ನಿಯಮವೂ ಉಳಿಸುತ್ತಿರಲಿಲ್ಲ, ಅದು ಗಸ್‌ನ ಘನಕಾರ್ಯ. ಅಲ್ಲಿಗೆ ನನಗೆ ನಗು ಬಂದುಬಿಟ್ಟಿತು. ಅವನು ನಗಲಿಲ್ಲ.

“ಹದಿನೇಳು ವರ್ಷ ತಪ್ಪು ಹೇಳಿದೀನಿ, ಮಾರ್ಲಿಸ್. ನೀನು ಒಂದ್ಸಲಾನಾದ್ರೂ ಜಗಳ ಆಡ್ಬಾರ್ದಿತ್ತಾ? ಗಸ್ ದಿನಾ ಆಡ್ತಾನೆ.”

“ಪುಸ್ತಕದಲ್ಲಿದೆ ಅಂದೆ ನೀನು. ನಂಬಿದೆ.”

ಟೆರಿ ಆ ಕಡೆಯ ಕಪಾಟಿನ ಹಿಂದೆ ಪುಸ್ತಕ ಜೋಡಿಸುವ ನಾಟಕ ಮಾಡುತ್ತಿದ್ದಳು.

ಸತ್ತವರನ್ನು ವಾಪಸು ತರಲೇ ಎಂದು ಕೇಳಿದ, ಬೇಕಾದರೆ ನಾಲ್ವರನ್ನೂ. ಬೇಡ ಎಂದೆ. ಸತ್ತವರು ಸತ್ತರು, ಅವರಿಗಾಗಿ ಅತ್ತದ್ದೂ ಆಗಿದೆ. ಇನ್ನುಮುಂದೆ ಸರಿಯಾದ ನಿಯಮ ಇರಲಿ, ಸಾಕು. ಶನಿವಾರ ಎಲ್ಲರ ಮುಂದೆ ತಾನೇ ಹೇಳುತ್ತೇನೆ ಎಂದು ಹೋದ. ಬಾಗಿಲ ತನಕ ಹೋಗಿ ಹ್ಯಾಟು ಹಾಕಿಕೊಂಡು ಮತ್ತೆ ಬಂದು, ಬೆನ್ನು ಬಹಳ ಚೆನ್ನಾಗಿ ಹೊಲಿದಿದ್ದೀಯ ಎಂದ. ಪ್ರೀತಿ ಉಕ್ಕಿತು ನನಗೆ ಆ ಮನುಷ್ಯನ ಮೇಲೆ. ಬರೆದುಬಿಡುತ್ತೇನೆ, ಇಲ್ಲಿ ಯಾರು ಓದುತ್ತಾರೆ.


ಫೆಬ್ರವರಿ 17. ಶನಿವಾರ. ಸಂಜೆ 5.30

ಎಲ್ಲಿಂದ ಶುರುಮಾಡಲಿ.

ಡೆಲ್ಬರ್ಟ್ ಎದ್ದುನಿಂತೇ ಹೇಳಿದ. ಮೂವತ್ತೆರಡನೆಯ ಪುಟ ಓದಿದ, ಮೂವತ್ತಮೂರು ಓದಿದ, ತಪ್ಪು ನನ್ನದು ಎಂದ, ಕೂತ. ಕೊರೀನ್ ಪುಸ್ತಕ ಕಸಿದುಕೊಂಡು ಪುಟದ ಅಂಕಿ ನೋಡಿ ಹಣೆ ಚಚ್ಚಿಕೊಂಡಳು. ಸ್ಕೂಲಿನಲ್ಲಿ ಯಾರಿಗೂ ಹೇಳಬೇಡಿ ಎಂದು ಬೇಡಿಕೊಂಡಳು. ಗಸ್‌ನ ಕಿವಿ ಕೆಂಪಾಗಿತ್ತು.

“ಅಂದ್ರೆ ಅವಳ ಪಾಲಿನ ಔಷಧಾನೆಲ್ಲ ಇಷ್ಟು ವರ್ಷ ನಾನೇ ಕುಡ್ಕೊಂಡ್ ಕೂತಿದ್ನಾ?”

ಆಟ ಶುರುವಾಯಿತು.

ಬಿಟ್ಟಲ್ಲಿಂದಲೇ. ಕೊರೀನ್‌ಳ ಮಾಂತ್ರಿಕೆ ಮಿಂಚು ಬಿಟ್ಟು ಹಾವನ್ನು ಕೊಂದಳು. ಸಾಯುತ್ತ ಅದು ಬಾಲ ಬೀಸಿತು, ಗಸ್‌ನ ಯೋಧ ಬಿದ್ದ, ಪ್ರಾಣ ಸೊನ್ನೆ, ಅದಕ್ಕಿಂತ ಇಳಿದರೆ ಸಾವು. ಕೋಣೆಯ ತುಂಬ ವಿಷದ ಹೊಗೆ. ಡೆಲ್ಬರ್ಟ್ ಬಿಡಿಸಿ ಹೇಳಿದ: ಈ ಸುತ್ತು ಮುಗಿಯುವಾಗ ಕೋಣೆಯಲ್ಲಿರುವ ಎಲ್ಲರಿಗೂ ನಾಲ್ಕು ಅಂಕ ಹೋಗುತ್ತದೆ. ಮಾಂತ್ರಿಕೆಗೆ ಹನ್ನೆರಡಿದೆ, ಉಳಿಯುತ್ತಾಳೆ. ಓಡಾಗೆ ಎರಡು. ಗಸ್‌ಗೆ ಸೊನ್ನೆ. ಓಡಾಳ ಕೈಯಲ್ಲಿ ಒಂದು ಉಪಚಾರ. ಯಾರಿಗೆ?

ಹಾಗೆ ನೋಡಿದರೆ ಹೋದ ವಾರದವರೆಗೆ ಇದು ಪ್ರಶ್ನೆಯೇ ಅಲ್ಲ. ಗಸ್‌ಗೆ ಕೊಡುತ್ತಿದ್ದೆ, ಸಾಯುತ್ತಿದ್ದೆ, ನಿಯಮದ ಮೇಲೆ ಗೂಬೆ ಕೂರಿಸುತ್ತಿದ್ದೆ. ನಿಜ ಹೇಳಬೇಕೆಂದರೆ ಅದರಲ್ಲೊಂದು ಸುಖವಿತ್ತು. ನಿರ್ಧಾರ ನನ್ನದಲ್ಲ, ಒಳ್ಳೆಯವಳೆಂಬ ಹೆಸರು ನನ್ನದು. ಈಗ ಅಡಗಿಕೊಳ್ಳಲು ನಿಯಮ ಇಲ್ಲ. ಗಸ್‌ನ ಯೋಧ ಹದಿನಾರು ವರ್ಷದಿಂದ ಇದ್ದಾನೆ. ಆ ಯೋಧನ ಹಾಳೆಯನ್ನು ಗಸ್ ತಾನು ಓಡಿಸುವ ಹಾಲಿನ ಲಾರಿಯಲ್ಲೇ ಇಟ್ಟುಕೊಂಡು ತಿರುಗುತ್ತಾನೆ, ಸಿಗ್ನಲಿನಲ್ಲಿ ತೆಗೆದು ನೋಡುತ್ತಾನೆ ಎಂದು ಕೊರೀನ್ ಗೋಳಾಡುತ್ತಿರುತ್ತಾಳೆ.

“ನನ್ನ ಕಡೆ ನೋಡ್ಬೇಡ ನೀನು” ಅಂದ ಗಸ್. “ನೋಡಿದ್ರೆ ಎದ್ದು ಹೋಗ್ತೀನಿ.”

ನನ್ನ ಹಾಳೆಯನ್ನೇ ನೋಡುತ್ತ ಕೂತೆ.

“ಓಡಾ ತನ್ನ ಎದೆ ಮೇಲೆ ತಾನೇ ಕೈ ಇಟ್ಕೋತಾಳೆ” ಅಂದೆ.

ದನಿ ನನ್ನದೇ ಎಂದು ನಂಬಿಕೆ ಬರಲಿಲ್ಲ. ದಾಳ ಹಾಕಿದೆ. ಐದು. ಎರಡಕ್ಕೆ ಐದು, ಏಳು. ಹೊಗೆಗೆ ನಾಲ್ಕು ಹೋಯಿತು. ಮೂರು. ಓಡಾ ಬದುಕಿದಳು. ಯೋಧ ಸತ್ತ.

ಅಳು ಬಂತು. ನಲವತ್ತೇಳು ವರ್ಷದ ಹೆಂಗಸು, ಮೊಳೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಾಗದದ ಮನುಷ್ಯನಿಗಾಗಿ. ಗಸ್ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡ. ನನ್ನ ಭುಜ ತಟ್ಟಿದ. ಚೀಸ್ ತುಂಡುಗಳ ಪೊಟ್ಟಣ ನನ್ನ ಕಡೆ ಸರಿಸಿದ. ಹೊರಗೆ ಹೋಗಿ ಲಾರಿಯಲ್ಲಿ ಕೂತ.


ಫೆಬ್ರವರಿ 18. ಭಾನುವಾರ. ಮಧ್ಯಾಹ್ನ

ಕೊರೀನ್‌ಗೆ ಫೋನ್ ಮಾಡಿದೆ. ಗಸ್ ಬೆಳಗ್ಗೆಯಿಂದ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಾನಂತೆ. ಚರ್ಚಿಗೂ ಹೋಗಲಿಲ್ಲ. ಕೇಳಿದರೆ ಮುಂದಿರುವ ಹಾಳೆಗೆ ಕೈ ಅಡ್ಡ ಇಡುತ್ತಾನಂತೆ.

ಮೇಜು ಬಿಡುತ್ತೇನೆ ಎಂದು ಹೆದರಿಸಿದವಳು ನಾನು. ಬಿಟ್ಟುಹೋಗುವವನು ಅವನಾಗುತ್ತಾನೋ ಏನೋ. ಅವನಿಲ್ಲದೆ ಬಾಗಿಲು ಒದೆಯುವವರು ಯಾರು? ಅವನಿಗೇ ಕೊಟ್ಟುಬಿಡಬೇಕಿತ್ತು ಅನ್ನಿಸುತ್ತದೆ... ಇಲ್ಲ. ಹಾಗೆ ಬರೆಯುವುದಿಲ್ಲ. ಸರಿಯಾದದ್ದನ್ನೇ ಮಾಡಿದೆ. ಆದರೂ ಸಂಕಟ.


ಫೆಬ್ರವರಿ 21

ಡೆಲ್ಬರ್ಟ್ ಫೋನ್ ಮಾಡಿದ. ಗಸ್ ಅಂಗಡಿಗೆ ಬಂದಿದ್ದನಂತೆ, ಪುಸ್ತಕ ಎರವಲು ಕೇಳಿದನಂತೆ. ಗಸ್! ಹದಿನೇಳು ವರ್ಷದಲ್ಲಿ ಆ ಪುಸ್ತಕವನ್ನು ಎತ್ತಿ ಕುಕ್ಕಿದ್ದು ಬಿಟ್ಟರೆ ಅವನು ತೆರೆದದ್ದೇ ಇಲ್ಲ. ಯಾಕಂತೆ ಎಂದು ಕೇಳಿದೆ. ಹೇಳಲಿಲ್ಲವಂತೆ.


ಫೆಬ್ರವರಿ 24. ಶನಿವಾರ. ಸಂಜೆ 6

ಬಂದ.

ಎಲ್ಲರಿಗಿಂತ ಮೊದಲೇ ಗಸ್ ಬಂದು ಕೂತಿದ್ದ. ಮುಂದೆ ಹೊಸ ಹಾಳೆ. ತಲೆ ಬಾಚಿದ್ದಾನೆ ಬೇರೆ. ಆ ವ್ರತಧಾರಿ ಯೋಧನನ್ನೇ ಮಾಡಿರುತ್ತಾನೆ, ಗ್ಯಾರಂಟಿ, ದೊಡ್ಡ ಕತ್ತಿ ಇರುತ್ತದೆ ಎಂದು ನಾನು ಕೊರೀನ್ ಕಿವಿಯಲ್ಲಿ ಹೇಳಿದೆ. ಡೆಲ್ಬರ್ಟ್ ಹಾಳೆ ತೆಗೆದುಕೊಂಡು ವರ್ಗ ಏನೆಂದು ಗಟ್ಟಿಯಾಗಿ ಓದಿದ. ವೈದ್ಯ. ಹೆಸರು ಬ್ರದರ್ ಆಲ್ಡೊ.

ಕೊರೀನ್ ನಕ್ಕಳು. ನಾನೂ ನಕ್ಕೆ. ಗಸ್ ನಗಲಿಲ್ಲ. ಲಾರಿ ಓಡಿಸುವ ಆ ದಪ್ಪ ಬೆರಳುಗಳಲ್ಲಿ ಮೂವತ್ತೆರಡನೆಯ ಪುಟವನ್ನು ಪೂರ್ತಿ ನಕಲು ಮಾಡಿಕೊಂಡು ಬಂದಿದ್ದ. ಒಂದು ಮೇಜಿಗೆ ಇಬ್ಬರು ವೈದ್ಯರು ಯಾಕೆ ಎಂದು ಡೆಲ್ಬರ್ಟ್ ಕೇಳಿದ. ಇರಲಿ ಬಿಡು ಎಂದ ಗಸ್, ಅಷ್ಟೇ.

ಮೊದಲ ಬಾಗಿಲು ಬಂತು. ಎಲ್ಲರೂ ಗಸ್‌ನ ಮುಖ ನೋಡಿದೆವು. ಅವನು ಒದೆಯಲಿಲ್ಲ. ಒದೆಯಬೇಕಿದ್ದರೆ ಓಡಾ ಒದೆಯಲಿ, ಅವಳಿಗೆ ಎಷ್ಟು ವರ್ಷದ ಆಸೆಯೋ ಎಂದ. ಒದ್ದೆ! ಇಷ್ಟು ಮಜಾ ಇದೆ ಎಂದು ಇವನು ಒಂದು ದಿನವೂ ಹೇಳಿರಲಿಲ್ಲ. ಆಚೆ ಮೂರು ತೋಳ. ಸರಿಯಾಗಿ ಕಚ್ಚಿಸಿಕೊಂಡೆ.

ಆಗ ಗಸ್ ದಾಳ ಕೆಳಗಿಟ್ಟ. ಕುರ್ಚಿ ನನ್ನ ಕಡೆ ತಿರುಗಿಸಿದ.

“ಮಾರ್ಲಿಸ್, ನಿಂಗೆ ಎಷ್ಟು ಉಳ್ದಿದೆ?”

ಹದಿನೇಳು ವರ್ಷ ಆ ಮೇಜಿನಲ್ಲಿ ಈ ಪ್ರಶ್ನೆ ಕೇಳಿದವಳು ನಾನು. ಪ್ರತಿ ಸುತ್ತಿಗೂ, ಪ್ರತಿಯೊಬ್ಬರಿಗೂ. ನನ್ನನ್ನು ಯಾರೂ ಕೇಳಿದ್ದಿಲ್ಲ. ಕೇಳಿ ಪ್ರಯೋಜನವೂ ಇರಲಿಲ್ಲವಲ್ಲ. ಪೆನ್ಸಿಲ್ ಹಿಡಿದು ಕಾಯುತ್ತಿದ್ದ, ಬರೆದುಕೊಳ್ಳಲು. ಹಾಳೆ ನನ್ನ ಮುಂದೆಯೇ ಇತ್ತು. ಆರು ಎಂದು ಬರೆದಿತ್ತು. ಆರು ಎಂದರೆ ಮುಗಿಯುತ್ತಿತ್ತು. ಬಾಯಿ ತೆರೆದೆ, ಮೂವರೂ ನನ್ನನ್ನೇ ನೋಡುತ್ತಿದ್ದರು, ನಾನು ಹಾಳೆಯನ್ನೇ ಗಸ್‌ನ ಕಡೆ ತಿರುಗಿಸಿ ಆರರ ಮೇಲೆ ಬೆರಳಿಟ್ಟೆ.